ಮನೆಗೆ ಬಂದ ಮತಗಟ್ಟೆ: ಸಾಗರದ ಕಡೆಯ ಒಂದು ಜಗಲಿಯಿಂದ

ವಯಸ್ಸಾದವರ ಮನೆಗೇ ಬಂದು ಓಟು ಹಾಕಿಸಿಕೊಂಡು ಹೋಗುವ ಸೇವೆ ಒಂದಿದೆ. ಕಾಗದದಲ್ಲಿ ಅದಕ್ಕೆ ‘ಮನೆಯಿಂದಲೇ ಮತದಾನ’ ಅನ್ನುತ್ತಾರೆ. ನಮ್ಮೂರಲ್ಲಿ ಸುಮ್ನೆ ‘ಮನೆ ಓಟು’. ನಮ್ಮ ಅಪ್ಪ, ಅವ್ವ ಇಬ್ಬರೂ 2023ರ ವಿಧಾನಸಭೆ ಚುನಾವಣೆಯಲ್ಲಿ ಇದನ್ನು ಬಳಸಿದರು. 2024ರ ಲೋಕಸಭೆ ಚುನಾವಣೆಯಲ್ಲಿ ಮತ್ತೆ ಬಳಸಿದರು. ಆಗ ಅಪ್ಪನಿಗೆ 88, ಅವ್ವನಿಗೆ 86. ಎರಡೂ ಸಲ ನಾನು ಆ ದಿನ ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಿಂದ ತವರಿಗೆ ಬಂದು ಜೊತೆಗಿದ್ದೆ. ಹೋಟೆಲು, ಮಿಕ್ಸಿ, ಮೊಬೈಲಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಇದರ ಬಗ್ಗೆಯೂ ಬಳಸಿದ ಮನೆಯವರು ಬರೆಯಬೇಕು ಅನಿಸಿತು.

ನಾನು ಹೈಸ್ಕೂಲು ಮೇಷ್ಟ್ರಮ್ಮ. ಚುನಾವಣೆ ಬಂದರೆ ನಮಗೆಲ್ಲ ಡ್ಯೂಟಿ ಬೀಳುತ್ತದೆ. ಮಸ್ಟರಿಂಗ್ ಸೆಂಟರಿನಲ್ಲಿ ಪೆಟ್ಟಿಗೆ ಎಣಿಸಿಕೊಂಡು, ಬಸ್ಸಿನಲ್ಲಿ ಯಾವುದೋ ಊರಿನ ಶಾಲೆಗೆ ಹೋಗಿ, ಬೆಂಚಿನ ಮೇಲೆ ಮಲಗಿ, ಬೆಳಗಿನ ಜಾವ ಎದ್ದು ಅಣಕು ಮತದಾನ ಮಾಡಿಸಿದವಳು. ಆದ್ದರಿಂದ ಮೇಜಿನ ಆ ಕಡೆಯ ಕಷ್ಟವೂ ನನಗೆ ಗೊತ್ತು.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಮನೆ ಓಟು ಅಂದರೆ ಮೊಬೈಲಿನಲ್ಲಿ ಒತ್ತುವುದು ಅಂತ ತಿಳಿದವರಿದ್ದಾರೆ. ಹಾಗಲ್ಲ. ಅಧಿಸೂಚನೆ ಹೊರಟ ಐದು ದಿನದೊಳಗೆ ಫಾರಂ 12ಡಿ ತುಂಬಿ ಕೊಡಬೇಕು. ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಮನೆಗೇ ತಂದು ಕೊಡುತ್ತಾರೆ. ನಮ್ಮ ಊರಲ್ಲಿ ಬಿಎಲ್‌ಒ ಅಂದರೆ ಅಂಗನವಾಡಿ ಟೀಚರು. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಅವರಿಗೆ ಬಾಯಿಪಾಠ. ಅರ್ಜಿ ಒಪ್ಪಿಗೆಯಾದರೆ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ಅಂಚೆ ಮತ ಅಂತ ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಾಯಿಸಿ ಮತಗಟ್ಟೆಗೆ ಹೋದರೆ ಓಟು ಕೊಡುವುದಿಲ್ಲ. ಮತದಾನದ ದಿನಕ್ಕಿಂತ ಮುಂಚೆಯೇ ಒಂದು ದಿನ ಗೊತ್ತು ಮಾಡಿ ತಂಡ ಬರುತ್ತದೆ. ಮತಗಟ್ಟೆ ಅಧಿಕಾರಿಗಳು, ಪೊಲೀಸು, ವಿಡಿಯೋ ಮಾಡುವವರು ಬರುತ್ತಾರೆ. ಯಾವ ದಿನ ಯಾವ ದಾರಿಯಲ್ಲಿ ಹೋಗುತ್ತಾರೆ ಅಂತ ಅಭ್ಯರ್ಥಿಗಳಿಗೂ ಮೊದಲೇ ತಿಳಿಸಿರುತ್ತಾರೆ. ಹಾಗಾಗಿ ಪಕ್ಷದ ಏಜೆಂಟರು ಬಂದು ಹೊರಗೆ ನಿಂತಿರಬಹುದು. ಮನೆಯಲ್ಲಿ ಮತದಾರರು ಸಿಗದಿದ್ದರೆ ಇನ್ನೊಂದು ಸಲ ಬರುತ್ತಾರೆ. ಆಗಲೂ ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ಓಟು ಯಂತ್ರದ್ದಲ್ಲ, ಕಾಗದದ್ದು. ಮತಪತ್ರಕ್ಕೆ ಗುರುತು ಹಾಕಿ, ಮಡಚಿ, ಒಂದು ಲಕೋಟೆಯಲ್ಲಿಟ್ಟು ಅಂಟಿಸಬೇಕು. ಸಹಿ ಮಾಡಿದ ಘೋಷಣೆ ಪತ್ರದ ಜೊತೆ ಅದನ್ನು ದೊಡ್ಡ ಲಕೋಟೆಗೆ ಹಾಕಿ ಡಬ್ಬಿಗೆ ಇಳಿಸಬೇಕು. ಕಣ್ಣು ಕಾಣದವರು, ಕೈ ನಡುಗುವವರು ತಮಗೆ ಬೇಕಾದ ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳಬಹುದು. ಅಷ್ಟೇ.

2024ರಲ್ಲಿ ನಮ್ಮ ಮನೆಗೆ ತಂಡ ಬಂದಾಗ ಬಿಸಿಲು ಏರಿತ್ತು. ಅತ್ತಿಗೆ ಜಗಲಿ ಸಾರಿಸಿ ಇಟ್ಟಿದ್ದರು. ಬಂದವರಿಗೆ ಊಟ ಮಾಡಿ ಅಂದರೆ ಬೇಡ ಅಂದರು, ನೀರು ಬೆಲ್ಲ ಮಾತ್ರ ತಗೊಂಡರು. ಅಪ್ಪನನ್ನು ‘ಅಜ್ಜ’ ಅಂತ, ಅವ್ವನನ್ನು ‘ಅಮ್ಮ’ ಅಂತ ಕರೆದು, ಚೀಟಿಯಲ್ಲಿ ಹೆಸರು ನೋಡಿ ನಿಧಾನವಾಗಿ ವಿವರಿಸಿದರು. ರಟ್ಟಿನ ಮರೆಯನ್ನು ಮೊದಲು ಟೀಪಾಯಿ ಮೇಲೆ ಇಟ್ಟರು. ಅಪ್ಪನಿಗೆ ಸೊಂಟ ಬಗ್ಗುವುದಿಲ್ಲ. ಆಗ ಅಧಿಕಾರಿಯೊಬ್ಬರು ತಾವೇ ಸುತ್ತ ನೋಡಿ, ಅತ್ತಿಗೆಯ ಹೊಲಿಗೆ ಮಿಷನ್ನನ್ನು ಗೋಡೆ ಕಡೆ ಎಳೆದು, ಅದರ ಮೇಲೆ ಮರೆ ನಿಲ್ಲಿಸಿದರು. ಎತ್ತರ ಸರಿ ಹೋಯಿತು. ಇಂಥದ್ದು ಯಾವ ಕೈಪಿಡಿಯಲ್ಲೂ ಬರೆದಿರುವುದಿಲ್ಲ. ಮನಸ್ಸಿದ್ದವರು ಮಾತ್ರ ಮಾಡುತ್ತಾರೆ.

ಅಷ್ಟರಲ್ಲಿ ನನ್ನ ಅಣ್ಣ ಒಳಗೆ ಬಂದು ಅಪ್ಪನ ಹಿಂದೆ ನಿಂತ. ಅಣ್ಣ ಒಂದು ಪಕ್ಷದ ಕೆಲಸ ಮಾಡುವವನು. ಚುನಾವಣೆ ಬಂತೆಂದರೆ ಹೆಗಲ ಮೇಲೆ ಶಾಲು ಬೀಳುತ್ತದೆ. ಆ ದಿನ ಶಾಲು ಇರಲಿಲ್ಲ. ‘ಅಪ್ಪನಿಗೆ ಸಣ್ಣ ಅಕ್ಷರ ಕಾಣಲ್ಲ ಸಾರ್, ನಾನು ತೋರಿಸ್ತೀನಿ’ ಅಂದ. ಅಧಿಕಾರಿ ಅಪ್ಪನನ್ನೇ ಕೇಳಿದರು: ‘ಅಜ್ಜ, ನಿಮಗೆ ಜೊತೆಗೆ ಯಾರಾದರೂ ಬೇಕಾ?’ ಅಪ್ಪ ಹಿಂದೆ ತಿರುಗದೆ, ‘ನಂಗೆ ಕಾಣ್ತದೆ ಮಾರಾಯ, ನೀ ಆಚೆ ಹೋಗು’ ಅಂದರು. ಅಧಿಕಾರಿ ಅಣ್ಣನ ಕಡೆ ಕೈ ತೋರಿಸಿ, ‘ದಯವಿಟ್ಟು ಅಂಗಳದಲ್ಲಿ ಇರಿ’ ಅಂದರು. ವಿಡಿಯೋ ಹುಡುಗನನ್ನೂ ಬಾಗಿಲ ತನಕ ಹಿಂದೆ ಸರಿಸಿದರು. ನನ್ನನ್ನೂ ಕಳಿಸಿದರು. ಅವ್ವನ ಸರದಿಯಲ್ಲೂ ಹೀಗೇ ಆಯಿತು. ಈ ಸೇವೆಗೆ ನಾನು ಕೊಡುವ ಪೂರ್ತಿ ಅಂಕ ಈ ಕೆಲಸಕ್ಕೆ.

ಯಾಕೆ ಅಂದರೆ ಮತಗಟ್ಟೆಯಲ್ಲಿ ಗುಟ್ಟು ಕಾಯುವುದು ಸುಲಭ. ಅಲ್ಲಿ ಎಲ್ಲರೂ ಪರರು. ಮನೆಯಲ್ಲಿ ಸುತ್ತ ಇರುವವರೆಲ್ಲ ನಮ್ಮವರು. ಅಣ್ಣನಿಗೆ ಒಂದು ಪಕ್ಷ, ಬೆಂಗಳೂರಿನಿಂದ ವಾರಕ್ಕೊಮ್ಮೆ ಫೋನು ಮಾಡಿ ಅಜ್ಜನಿಗೆ ಉಪದೇಶ ಮಾಡುವ ಅವನ ಮಗನಿಗೆ ಇನ್ನೊಂದು ಪಕ್ಷ. ವಯಸ್ಸಾದವರು ಔಷಧಿಗೆ, ಊಟಕ್ಕೆ, ಆಸ್ಪತ್ರೆಗೆ ಹೋಗುವುದಕ್ಕೆ ಇವರನ್ನೇ ನಂಬಿರುತ್ತಾರೆ. ಅಂಥವರ ನಡುವೆ ಕೂತು ತಮ್ಮ ಮನಸ್ಸಿನ ಓಟು ಹಾಕಬೇಕಾದರೆ ಆ ರಟ್ಟಿನ ಮರೆ ಗಟ್ಟಿಯಾಗಿ ನಿಲ್ಲಬೇಕು.

ಆ ಮರೆಯ ಹಿಂದೆ ಕೂತವರು ಎಲ್ಲಿಂದ ಎಲ್ಲಿಗೆ ನಡೆದು ಬಂದವರು ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಇದರ ಬೆಲೆ ಗೊತ್ತಾಗುವುದಿಲ್ಲ.

ಅಪ್ಪ ಹುಟ್ಟಿದ್ದು ಗೇಣಿ ಒಕ್ಕಲಿನ ಮನೆಯಲ್ಲಿ. 1951ರಲ್ಲಿ ಕಾಗೋಡು ಸತ್ಯಾಗ್ರಹ ಶುರುವಾದಾಗ ಅವರಿಗೆ ಹದಿನೈದು ವರ್ಷ. ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದ ಹೊತ್ತಿಕೊಂಡ ಹೋರಾಟ ಅದು. ಒಡೆಯರ ಕೊಳಗ ದೊಡ್ಡದು, ಒಕ್ಕಲಿನ ಹೊಟ್ಟೆಗೆ ಉಳಿಯುವುದು ಕಮ್ಮಿ. ಕೇಳಿದ್ದಕ್ಕೆ ಗದ್ದೆ ಬಿಡಿಸಿದರು. ಬಿಡಿಸಿದ ಗದ್ದೆಗೇ ನೇಗಿಲು ಹೊತ್ತು ಇಳಿದವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಹಾಗೆ ಹೋದವರಲ್ಲಿ ನನ್ನ ಅಜ್ಜನೂ ಒಬ್ಬರು. ಗಣಪತಿಯಪ್ಪನವರು ಮುಂದೆ ನಿಂತಿದ್ದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮಾರನೆಯ ವರ್ಷ ನಡೆದ ಮೊದಲ ಚುನಾವಣೆಯಲ್ಲಿ ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡರು ಸಾಗರ ಹೊಸನಗರದಿಂದ ಗೆದ್ದರು. ಅಪ್ಪನಿಗೆ ಆಗ ಓಟಿರಲಿಲ್ಲ. ಆದರೂ ಆ ಗೆಲುವನ್ನು ತಾನೇ ಗೆಲ್ಲಿಸಿದ ಹಾಗೆ ಹೇಳುತ್ತಾರೆ.

ಆಗ ಓಟು ಹಾಕಲು ಇಪ್ಪತ್ತೊಂದು ತುಂಬಬೇಕಿತ್ತು. ಅಪ್ಪನ ಮೊದಲ ಓಟು 1957ರದ್ದು. ಆ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿಹ್ನೆ. ಚೀಟಿಯನ್ನು ನಿಮಗೆ ಬೇಕಾದ ಪೆಟ್ಟಿಗೆಗೆ ಹಾಕಬೇಕು. ಪ್ರಜಾ ಸೋಷಲಿಸ್ಟ್ ಪಕ್ಷದ ಚಿಹ್ನೆ ಗುಡಿಸಲು, ಕಾಂಗ್ರೆಸ್ಸಿನದು ಜೋಡೆತ್ತು. ‘ಗುಡಿಸಲಲ್ಲಿ ಇರೋರು ಗುಡಿಸಲಿಗೇ ಹಾಕ್ಬೇಕು ಅಂತ ನಾವು ಹುಡುಗರು ಹೇಳ್ಕೊಂಡು ತಿರುಗಿದ್ವಿ’ ಅನ್ನುತ್ತಾರೆ. ಆಗ ಅವರ ನಂಬಿಕೆ ಒಂದೇ. ಉಳುವವನೇ ಹೊಲದೊಡೆಯ. ಅದಕ್ಕೆ ಬೇರೆ ಪುಸ್ತಕ ಬೇಕಿರಲಿಲ್ಲ. ಮೊದಲು ಗುಡಿಸಲು, ಆಮೇಲೆ ಸಂಯುಕ್ತ ಸಮಾಜವಾದಿಗಳ ಆಲದ ಮರ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು ಅಂತ ಗೊತ್ತಾದ ದಿನ ಊರಲ್ಲಿ ಎಷ್ಟು ಹಿಗ್ಗಿದ್ದರು ಅಂತ ಈಗಲೂ ಹೇಳುತ್ತಾರೆ.

ಆಮೇಲೆ ಬಂದದ್ದು ಕಾಂಗ್ರೆಸ್ಸಿನ ಮುಖ್ಯಮಂತ್ರಿ ದೇವರಾಜ ಅರಸರ ಕಾಲ. ಭೂ ಸುಧಾರಣೆ ಕಾನೂನಿನ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿಯೇ ಹೋಯಿತು. ಒಕ್ಕಲುಗಳು ಫಾರಂ ನಂಬರ್ 7 ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡುತ್ತಿತ್ತು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಷನ್ ಕೊಡೋದು’ ಅನ್ನುತ್ತಿದ್ದರು. ಅಪ್ಪ ಡಿಕ್ಲರೇಷನ್ ಕೊಟ್ಟರು. ಗದ್ದೆ ನಮ್ಮದಾಯಿತು. ಆ ಕಾಗದ ಈಗಲೂ ಅಪ್ಪನ ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರಿನೊಳಗಿದೆ.

ಇಲ್ಲೇ ನನಗೆ ಬಹಳ ಯೋಚನೆ ಹಚ್ಚುವ ಮಾತೊಂದಿದೆ. ಗದ್ದೆ ಕೈಗೆ ಬರುತ್ತಿದ್ದ ಆ ದಿನಗಳೇ ತುರ್ತು ಪರಿಸ್ಥಿತಿಯ ದಿನಗಳು. ಅಪ್ಪ ಜಿಂದಾಬಾದ್ ಕೂಗಿದ್ದ ಸಮಾಜವಾದಿಗಳು ಎಷ್ಟೋ ಜನ ಜೈಲಿನಲ್ಲಿದ್ದರು. ಬೆಂಗಳೂರು ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿಯವರ ಆರೋಗ್ಯ ಕೆಟ್ಟು, ಬಿಡುಗಡೆಯಾದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡರು. ಎರಡು ತಿಂಗಳಿಗೆ ಲೋಕಸಭೆ ಚುನಾವಣೆ. ಉತ್ತರದಲ್ಲಿ ಇಂದಿರಾ ಗಾಂಧಿಯವರ ಪಕ್ಷ ಕೊಚ್ಚಿಹೋಯಿತು. ಕರ್ನಾಟಕದಲ್ಲಿ 28ರಲ್ಲಿ 26 ಸೀಟು ಅವರಿಗೇ ಬಂತು. ಆ 26ರಲ್ಲಿ ಅಪ್ಪನ ಓಟೂ ಇದೆ. ಹಸು ಕರುವಿಗೆ, ಅಂದರೆ ಆಗಿನ ಕಾಂಗ್ರೆಸ್ ಚಿಹ್ನೆಗೆ ಹಾಕಿದೆ ಅಂತ ಅವರೇ ಹೇಳುತ್ತಾರೆ. ‘ಜೈಲಲ್ಲಿದ್ದೋರು ನಮ್ಮೋರೇ. ಆದ್ರೆ ಗದ್ದೆ ಕೊಟ್ಟದ್ದು ಇವ್ರು. ಏನ್ ಮಾಡೋದು?’ ಇದನ್ನು ಹೇಳುವಾಗ ಅವರು ನಗುವುದಿಲ್ಲ.

ಓದಿದವರು ಇದನ್ನು ಅವಕಾಶವಾದ ಅನ್ನಬಹುದು. ನಾನು ಅನ್ನುವುದಿಲ್ಲ. ಹದಿನೈದು ವರ್ಷದ ಹುಡುಗ ಕೇಳಿದ್ದೂ ಗದ್ದೆ, ನಲವತ್ತರ ಗಂಡಸು ಕೈ ಚಾಚಿ ತಗೊಂಡದ್ದೂ ಗದ್ದೆ. ಚಿಹ್ನೆ ಬದಲಾಯಿತು, ಬೇಡಿಕೆ ಬದಲಾಗಿರಲಿಲ್ಲ.

ಬೇಡಿಕೆ ನಿಜಕ್ಕೂ ಬದಲಾದದ್ದು ಆಮೇಲೆ. ಗದ್ದೆ ಬಂತು, ಪಕ್ಕದಲ್ಲಿ ಅಡಿಕೆ ಸಸಿ ಬಿತ್ತು, ಪಂಪ್‌ಸೆಟ್ ಬಂತು. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿ ಹತ್ತು ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಮಾಡಿದಾಗ ಅಪ್ಪ ಅವರ ಹಿಂದೆ ಬಿದ್ದವರು ಬಿಡಲೇ ಇಲ್ಲ. ಬಂಗಾರಪ್ಪನವರು ಶಿವಮೊಗ್ಗದಿಂದ ಲೋಕಸಭೆಗೆ ನಾಲ್ಕು ಸಲ ಗೆದ್ದರು, ನಾಲ್ಕು ಸಲವೂ ಬೇರೆ ಬೇರೆ ಪಕ್ಷ. 1996ರಲ್ಲಿ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷ. ಅಪ್ಪ ನಾಲ್ಕೂ ಸಲ ಅವರಿಗೇ ಹಾಕಿದರು. ‘ನಾವು ಚಿಹ್ನೆ ನೋಡಿದೋರಲ್ಲ, ಆಳು ನೋಡಿದೋರು’ ಅನ್ನುತ್ತಾರೆ. ಹಾಗೆ ಅಂದುಕೊಂಡೇ 2004ರಲ್ಲಿ ಮೊದಲ ಸಲ ಕಮಲದ ಗುಂಡಿ ಒತ್ತಿದರು. ಒಮ್ಮೆ ಒತ್ತಿದ ಮೇಲೆ ಎರಡನೇ ಸಲ ಕಷ್ಟವಾಗಲಿಲ್ಲ ಅಂತಲೂ ಹೇಳುತ್ತಾರೆ. ಸಮಾಜವಾದದ ತವರು ಅನಿಸಿಕೊಂಡ ನಮ್ಮ ಜಿಲ್ಲೆ ಹೇಗೆ ಇಷ್ಟು ಬದಲಾಯಿತು ಅಂತ ಹೊರಗಿನವರು ಕೇಳುತ್ತಾರೆ ಅಲ್ವಾ? ಒಂದು ಉತ್ತರ ಈ ಮಾತಿನಲ್ಲಿದೆ.

ಇನ್ನೊಂದು ಉತ್ತರ ಕೂಲಿಯ ಲೆಕ್ಕದಲ್ಲಿದೆ. ಉದ್ಯೋಗ ಖಾತ್ರಿ ಬಂದ ಮೇಲೆ ಕೊಯ್ಲಿಗೆ ಜನ ಸಿಗಲ್ಲ, ಸಿಕ್ಕಿದವರು ಜಾಸ್ತಿ ಕೇಳುತ್ತಾರೆ ಅಂತ ಅಪ್ಪ ಜಗಲಿಯಲ್ಲಿ ಕೂತು ಬೈಯತೊಡಗಿದರು. ಸರ್ಕಾರ ಬಡವರಿಗೆ ಪುಕ್ಕಟೆ ಕೊಟ್ಟು ಸೋಮಾರಿ ಮಾಡುತ್ತಿದೆ ಅಂತ. ಇದೇ ಬಾಯಿ ಒಂದು ಕಾಲದಲ್ಲಿ ಕೊಳಗದ ಅಳತೆ ಕೇಳಿತ್ತು. ನನಗೆ ಅದು ನೋವಿನ ಸಂಗತಿ, ಮುಚ್ಚಿಡುವುದಿಲ್ಲ. ಗೇಣಿ ಕೊಡುತ್ತಿದ್ದವರು ಕೂಲಿ ಕೊಡುವವರಾದಾಗ ಕಣ್ಣಿನ ಜಾಗ ಬದಲಾಗುತ್ತದೆ. ಅವರ ಜೊತೆ ಡಿಕ್ಲರೇಷನ್ ಕೊಟ್ಟ ಗೆಳೆಯರಲ್ಲೂ ಇದನ್ನೇ ಕಂಡಿದ್ದೇನೆ. ಒಂದು ದಿನ ಹೀಗೇ ಬೈಯುತ್ತಿದ್ದಾಗ ಒಳಗಿನಿಂದ ಅವ್ವ, ‘ಕೊಟ್ರೆ ಕೊಡ್ಲಿ ಬಿಡಿ. ನಿಮ್ಮಪ್ಪಂಗೆ ಯಾರೂ ಕೊಟ್ಟಿರ್ಲಿಲ್ಲ, ಅದ್ಕೇ ಜೈಲಿಗೆ ಹೋದ್ರು’ ಅಂದರು. ಅಪ್ಪ ಮಾತು ನಿಲ್ಲಿಸಿದರು.

ಅವ್ವನ ದಾರಿಯೇ ಬೇರೆ. ಅವ್ವ ಮೊದಲ ಓಟು ಹಾಕಿದ್ದು 1962ರಲ್ಲಿ. ಅಷ್ಟರಲ್ಲಿ ಬೇರೆ ಬೇರೆ ಪೆಟ್ಟಿಗೆ ಹೋಗಿ, ಒಂದೇ ಚೀಟಿಯಲ್ಲಿ ಎಲ್ಲರ ಚಿಹ್ನೆ ಇಟ್ಟು ಮುದ್ರೆ ಒತ್ತುವ ಪದ್ಧತಿ ಬಂದಿತ್ತು. ಅಪ್ಪ ಹಿಂದಿನ ದಿನ ಅಡುಗೆಮನೆ ಗೋಡೆ ಮೇಲೆ ಇದ್ದಿಲಿನಲ್ಲಿ ಗುಡಿಸಲು ಬರೆದು, ‘ಇದರ ಮೇಲೆ ಒತ್ತು’ ಅಂದಿದ್ದರಂತೆ. ಅವ್ವ ಒತ್ತಿ ಬಂದರು. ಆಮೇಲೆ ಆಲದ ಮರ ಅಂದರು, ಒತ್ತಿದರು. ಹಸು ಕರು ಅಂದರು, ಒತ್ತಿದರು. ಅವ್ವನ ವಾರಗೆಯ ಹೆಂಗಸರೆಲ್ಲ ಹೀಗೇ. ಓಟಿನ ಲೆಕ್ಕದಲ್ಲಿ ಅವರೆಲ್ಲ ಸಮಾಜವಾದಿಗಳು, ಆಮೇಲೆ ಕಾಂಗ್ರೆಸ್ಸಿಗರು. ಅವರನ್ನು ಯಾರೂ ಕೇಳಿರಲಿಲ್ಲ.

ಅವ್ವನನ್ನು ಮೊದಲು ಕೇಳಿದ್ದು ಮಂಡಲ ಪಂಚಾಯಿತಿ ಚುನಾವಣೆ. ಅದು 1987. ರಾಮಕೃಷ್ಣ ಹೆಗಡೆಯವರ ಸರ್ಕಾರ, ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹೆಂಗಸರಿಗೆ ಕಾಲುಭಾಗ ಸೀಟು ಮೀಸಲು. ನಮ್ಮ ಊರಿನ ಹೆಂಗಸೊಬ್ಬರು ನಿಂತರು. ಅವ್ವನ ಜೊತೆ ನಾಟಿಗೆ ಹೋಗುತ್ತಿದ್ದವರು. ಅಪ್ಪ ಬೇರೆ ಕಡೆ ಹೇಳಿದರು. ಅವ್ವ ತಲೆಯಾಡಿಸಿ ಹೋಗಿ ಆ ಹೆಂಗಸಿಗೇ ಹಾಕಿ ಬಂದರು. ನನಗೆ ಇದನ್ನು ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ, ಮಾವಿನಮಿಡಿ ಉಪ್ಪಿಗೆ ಹಾಕುತ್ತಾ. ‘ಕೈ ನಡುಗಿತ್ತು ಮಾರಾಯ್ತಿ’ ಅಂದರು. ನಜೀರ್ ಸಾಬರನ್ನು ಜನ ‘ನೀರ್ ಸಾಬ್’ ಅಂತ ಕರೆದದ್ದು ಯಾಕೆ ಅಂತ ನಮ್ಮ ಮಲೆನಾಡಿನ ಹೆಂಗಸರಿಗೂ ಗೊತ್ತು. ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗುವಷ್ಟು ನೀರಿದ್ದರೂ ಏಪ್ರಿಲ್ ಬಂದರೆ ಇಳಿಜಾರಿನ ಬಾವಿ ಒಣಗುತ್ತದೆ. ಊರಿಗೆ ಬೋರ್‌ವೆಲ್ ಬಂದು ಕೊಡದ ಭಾರ ಇಳಿದದ್ದು ಆ ಕಾಲದಲ್ಲೇ.

ಅಲ್ಲಿಂದ ಅವ್ವ ನಿಧಾನವಾಗಿ ತನ್ನದೇ ಲೆಕ್ಕ ಹಾಕತೊಡಗಿದರು. ಸ್ತ್ರೀಶಕ್ತಿ ಸಂಘಕ್ಕೆ ಸೇರಿದರು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಅವರ ಹೆಸರು ಬಂತು. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಅವರ ಖಾತೆಗೆ ಬಂದಾಗ ಪಾಸ್‌ಬುಕ್ ಹಿಡಿದು ನನ್ನಿಂದ ಎರಡು ಸಲ ಓದಿಸಿದರು. ಹಾಗಂತ ಆ ದುಡ್ಡು ಕೊಟ್ಟವರಿಗೇ ಓಟು ಅಂತ ಯಾರೂ ತಿಳಿಯಬೇಡಿ. ಶಾಲೆಗೆ ಹೋಗುವ ಮೊಮ್ಮಗಳಿಗೆ ಸೈಕಲ್ ಕೊಟ್ಟ ಸರ್ಕಾರವನ್ನೂ ಅವರು ನೆನೆಯುತ್ತಾರೆ, ಅದು ಬೇರೆ ಪಕ್ಷದವರು ಕೊಟ್ಟದ್ದು. ಯಾರು ಏನು ಕೊಟ್ಟರು, ಯಾರು ಏನು ಮಾತಾಡಿದರು, ಯಾರು ಊರಲ್ಲಿ ಜಗಳ ಹಚ್ಚಿದರು ಅನ್ನುವುದೆಲ್ಲ ಅವರ ಲೆಕ್ಕದಲ್ಲಿದೆ. ಕೊನೆಯ ಮೊತ್ತ ಮಾತ್ರ ಅವರಿಗೊಬ್ಬರಿಗೇ ಗೊತ್ತು.

ವಯಸ್ಸಾದಂತೆ ಜನ ಬಿಗಿಯಾಗುತ್ತಾರೆ, ಇರುವುದನ್ನು ಕಾಯುವ ಕಡೆ ವಾಲುತ್ತಾರೆ ಅನ್ನುವ ಮಾತಿದೆ. ಅಪ್ಪನನ್ನು ನೋಡಿದರೆ ನಿಜ ಅನಿಸುತ್ತದೆ. ಅವ್ವನನ್ನು ನೋಡಿದರೆ ಹಾಗೆ ಹೇಳಲು ಬರುವುದಿಲ್ಲ. ಒಂದೇ ಸೂರು, ಒಂದೇ ಗದ್ದೆ, ಹೆಚ್ಚುಕಮ್ಮಿ ಒಂದೇ ವಯಸ್ಸು. ಅಪ್ಪನಿಗೆ ಆಸ್ತಿ ಬಂದ ಮೇಲೆ ಮನಸ್ಸು ಒಂದು ಕಡೆ ಹೋಯಿತು, ಅವ್ವನಿಗೆ ಮಾತು ಬಂದ ಮೇಲೆ ಇನ್ನೊಂದು ಕಡೆ ಹೋಯಿತು. ತಲೆಮಾರು ಅಂತ ನಾವು ಒಂದೇ ಗಂಟು ಕಟ್ಟಿ ಮಾತಾಡುವಾಗ ಆ ಗಂಟಿನಲ್ಲಿ ಹೆಂಗಸರ ಪಾಲು ಕಳೆದುಹೋಗುತ್ತದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಇನ್ನು ತಲೆಮಾರಿನ ನಂತರದ ತಲೆಮಾರು. ಸೊರಬದಲ್ಲಿ ಬಂಗಾರಪ್ಪನವರ ಇಬ್ಬರು ಗಂಡು ಮಕ್ಕಳೇ ಎದುರು ಬದುರು ನಿಂತು 2018ರಲ್ಲಿ ಒಬ್ಬರು, 2023ರಲ್ಲಿ ಇನ್ನೊಬ್ಬರು ಗೆದ್ದರು. 2024ರಲ್ಲಿ ಮಗಳು ಗೀತಾ ಶಿವರಾಜಕುಮಾರ್ ಕಾಂಗ್ರೆಸ್ಸಿನಿಂದ, ಯಡಿಯೂರಪ್ಪನವರ ಮಗ ರಾಘವೇಂದ್ರ ಬಿಜೆಪಿಯಿಂದ, ಈಶ್ವರಪ್ಪನವರು ಪಕ್ಷೇತರರಾಗಿ ನಿಂತಿದ್ದರು. ಅಂದರೆ ಅಪ್ಪನ ಮುಂದಿದ್ದ ಮತಪತ್ರದಲ್ಲಿ ಅವರ ಹಳೆಯ ನಿಷ್ಠೆಯೂ ಇತ್ತು, ಹೊಸ ನಿಷ್ಠೆಯೂ ಇತ್ತು. ಮರೆಯ ಹಿಂದೆ ಅವರು ಬಹಳ ಹೊತ್ತು ಕೂತಿದ್ದರು. ಯಾರೂ ಅವಸರ ಮಾಡಲಿಲ್ಲ. ಅವ್ವ ಕೂತಷ್ಟೇ ಬೇಗ ಎದ್ದು, ಲಕೋಟೆಯ ಅಂಟು ಸರಿಯಾಗಿ ಹಿಡಿದಿದೆಯಾ ಅಂತ ಬೆರಳಿನಿಂದ ಒತ್ತಿ ನೋಡಿ ಡಬ್ಬಿಗೆ ಹಾಕಿದರು. ಇಬ್ಬರೂ ಯಾರಿಗೆ ಹಾಕಿದರು ಅಂತ ಅಣ್ಣನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇದಕ್ಕಿಂತ ಒಳ್ಳೆಯ ಶಿಫಾರಸು ಈ ಸೇವೆಗೆ ಬೇರೆ ಬೇಕಿಲ್ಲ.

ಕೊರತೆಗಳೂ ಇವೆ. ದೊಡ್ಡದು ವಯಸ್ಸಿನ ಮಿತಿ. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಇದು ಸಿಕ್ಕಿತ್ತು. 2024ರ ಲೋಕಸಭೆ ಚುನಾವಣೆಗೆ ಮುಂಚೆ ನಿಯಮ ತಿದ್ದಿ 85ಕ್ಕೆ ಏರಿಸಿದರು. ನಮ್ಮ ಕೇರಿಯ 82ರ ಅಜ್ಜಿಯೊಬ್ಬರು 2023ರಲ್ಲಿ ಮನೆಯಲ್ಲೇ ಹಾಕಿದ್ದರು. ಮಾರನೆಯ ವರ್ಷ ಒಂದು ವರ್ಷ ದೊಡ್ಡವರಾಗಿದ್ದರು, ಮಂಡಿ ಇನ್ನಷ್ಟು ಹಾಳಾಗಿತ್ತು, ಸೌಲಭ್ಯ ಮಾತ್ರ ಇರಲಿಲ್ಲ. ಅಂಗವೈಕಲ್ಯ ಶೇ 40ಕ್ಕಿಂತ ಕಮ್ಮಿ ಇಲ್ಲ ಅಂತ ಪ್ರಮಾಣಪತ್ರ ಇದ್ದರೆ ಆ ದಾರಿಯಲ್ಲಿ ಸಿಗುತ್ತದೆ. ಆದರೆ ಬರೀ ಮುಪ್ಪಿಗೆ ಪ್ರಮಾಣಪತ್ರ ಯಾರು ಕೊಡುತ್ತಾರೆ? ಹಳ್ಳಿಯಲ್ಲಿ 80 ಅಂದರೆ ಗದ್ದೆಯಲ್ಲಿ ಬಾಗಿ ಬಾಗಿ ಸವೆದ 80. ಮಿತಿಯನ್ನು ಹಿಂದಿನ ಹಾಗೇ ಇಳಿಸಬೇಕು ಅಂತ ನನ್ನ ಒತ್ತಾಯ.

ಐದು ದಿನದ ಗಡುವು ಇನ್ನೊಂದು. ಎಲೆಕ್ಷನ್ ಡೇಟು ಟಿವಿಯಲ್ಲಿ ಬಂದದ್ದು ಎಲ್ಲರಿಗೂ ಗೊತ್ತಾಗುತ್ತದೆ, ಅಧಿಸೂಚನೆ ಹೊರಟದ್ದು ಗೊತ್ತಾಗುವುದಿಲ್ಲ. ಬಿಎಲ್‌ಒ ಚುರುಕಿದ್ದರೆ ಸರಿ. ಇಲ್ಲದಿದ್ದರೆ ಹಾಸಿಗೆ ಹಿಡಿದವರ ಓಟು ಸದ್ದಿಲ್ಲದೆ ಹೋಗುತ್ತದೆ. ಘೋಷಣೆಯಾದ ದಿನದಿಂದಲೇ ಅರ್ಜಿ ತಗೊಳ್ಳಲು ಏನು ಅಡ್ಡಿ? ಜೊತೆಗೆ ಆ ಎರಡು ಲಕೋಟೆ, ಘೋಷಣೆ ಪತ್ರದ ವ್ಯವಹಾರ 86ರ ಕೈಗೆ ಸುಲಭ ಅಲ್ಲ. ಅಕ್ಷರ ಇನ್ನೂ ದಪ್ಪ ಇರಬೇಕು.

ಮೂರನೆಯದು ನಿಯಮದಿಂದ ಸರಿಯಾಗುವಂಥದ್ದಲ್ಲ. ಅಪ್ಪನಿಗೆ ಓಟಿನ ದಿನ ಅಂದರೆ ಊರಿನ ಸರ್ಕಾರಿ ಶಾಲೆ, ಬಿಳಿ ಪಂಚೆ, ಸಾಲು. ಆ ಸಾಲಿನಲ್ಲಿ ಅವರ ವಾರಗೆಯವರೆಲ್ಲ ಸಿಗುತ್ತಿದ್ದರು. ಗುಡಿಸಲಿನಲ್ಲಿ ಜೊತೆಗಿದ್ದವರು, ಡಿಕ್ಲರೇಷನ್ನಿನಲ್ಲಿ ಜೊತೆಗಿದ್ದವರು, ಆಮೇಲೆ ಬೇರೆ ಬೇರೆ ಪಕ್ಷಕ್ಕೆ ಹೋಗಿ ಮಾತು ಬಿಟ್ಟವರು ಕೂಡ ಆ ದಿನ ಒಂದೇ ಮರದ ಕೆಳಗೆ ಎಲೆ ಅಡಿಕೆ ಹಾಕುತ್ತಿದ್ದರು. ಯಾರು ಎಷ್ಟು ಬದಲಾದರು ಅಂತ ಒಬ್ಬರನ್ನೊಬ್ಬರು ನೋಡಿ ಅಳೆದುಕೊಳ್ಳುವ ಜಾಗ ಅದು. ಮನೆಯಲ್ಲಿ ಹಾಕಿದರೆ ಅದಿಲ್ಲ. ತಂಡದವರು ಹೊರಟಾಗ ಅಪ್ಪ, ‘ಇನ್ನು ಯಾರ್ಯಾರ ಮನೆಗೆ ಹೋಗ್ತೀರಿ?’ ಅಂತ ಕೇಳಿದರು. ಅವರು ಮುಂದಿನ ಊರಿನ ಇನ್ನೊಬ್ಬ ಅಜ್ಜನ ಹೆಸರು ಹೇಳಿದರು. ‘ಅವ ಇನ್ನೂ ಇದ್ದಾನಾ!’ ಅಂತ ಅಪ್ಪನ ಮುಖ ಅರಳಿತು. ‘ಅವ ಅರಸುಗೆ ಬೈತಿದ್ದ, ಫಾರಂ 7 ಮಾತ್ರ ಮೊದಲು ಕೊಟ್ಟ’ ಅಂತ ಆ ಅಧಿಕಾರಿಗೆ ಕಥೆ ಹೇಳಲು ಶುರು ಮಾಡಿದರು. ಪಾಪ, ಅವರಿಗೆ ಇನ್ನೂ ಘಟ್ಟದ ದಾರಿ ಇತ್ತು. ಆದರೂ ಪೂರ್ತಿ ಕೇಳಿ ಹೋದರು. ಸಂಜೆ ಅಪ್ಪ ಅಣ್ಣನ ಮೊಬೈಲಿನಿಂದ ಆ ಅಜ್ಜನ ಮನೆಗೆ ಫೋನು ಹಚ್ಚಿಸಿದರು. ಇಬ್ಬರಿಗೂ ಕಿವಿ ಮಂದ. ಕೂಗಿ ಕೂಗಿ ಮಾತಾಡಿದರು. ಯಾರಿಗೆ ಹಾಕಿದೆ ಅಂತ ಇಬ್ಬರೂ ಕೇಳಲಿಲ್ಲ, ಅಡಿಕೆ ರೇಟು ಕೇಳಿದರು.

ಅಂಕ ಕೊಡಿ ಅಂದರೆ ಐದಕ್ಕೆ ನಾಲ್ಕು. ಒಂದು ಕಮ್ಮಿ ಮಾಡಿದ್ದು 85ರ ಮಿತಿಗೆ.

ಬಳಸುವವರಿಗೆ ನನ್ನ ಸಲಹೆ. ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ ಇಬ್ಬರಿಗೂ ಬೇರೆ ಬೇರೆ ಕೇಳಿ ಅರ್ಜಿ ಹಾಕಿ, ಮನೆಗೆಲ್ಲ ಒಂದೇ ತೀರ್ಮಾನ ಮಾಡಬೇಡಿ. ಒಬ್ಬರಿಗೆ ಮತಗಟ್ಟೆಯೇ ಇಷ್ಟ ಇರಬಹುದು. ಚುನಾವಣಾ ಆಯೋಗದ ಆ್ಯಪಿನಲ್ಲಿ ಕೇಳಿಕೊಂಡರೆ ಮತಗಟ್ಟೆಯಲ್ಲಿ ಗಾಲಿಕುರ್ಚಿ ಕೊಡುತ್ತಾರೆ. ತಂಡ ಬರುವ ಮುಂಚೆಯೇ ಸೊಂಟದ ಎತ್ತರದ ಮೇಜು, ಒಳ್ಳೆ ಬೆಳಕು, ಓದುವ ಕನ್ನಡಕ ತಯಾರಿಟ್ಟುಕೊಳ್ಳಿ. ಗುರುತಿನ ಚೀಟಿ ಕೈಗೆ ಸಿಗುವ ಕಡೆ ಇರಲಿ. ಮರೆ ನಿಲ್ಲಿಸಿದ ಕೂಡಲೇ ಮನೆಯವರೆಲ್ಲ ಹೊರಗೆ ಹೋಗಿಬಿಡಿ. ಅಧಿಕಾರಿ ಹೇಳುವ ತನಕ ಕಾಯಬೇಡಿ. ಆಮೇಲೆ ‘ಯಾರಿಗೆ ಹಾಕಿದ್ರಿ’ ಅಂತ ಕೇಳಬೇಡಿ, ತಮಾಷೆಗೂ ಬೇಡ.

ನಮ್ಮ ಮನೆಯಲ್ಲಿ ಮುಂದಿನ ಚುನಾವಣೆಗೆ ಅವ್ವನದ್ದು ಒಂದೇ 12ಡಿ. ಅಪ್ಪ ಶಾಲೆಗೇ ಹೋಗುತ್ತಾರಂತೆ. ಗಾಲಿಕುರ್ಚಿ ತಳ್ಳುವುದು ಅಣ್ಣನ ಕೆಲಸ, ಗೇಟಿನ ತನಕ ಮಾತ್ರ ಅಂತ ಅಪ್ಪ ಈಗಲೇ ಹೇಳಿಟ್ಟಿದ್ದಾರೆ.